17 ಕಡ್ಡಿಗಳಲ್ಲಿ ಕೈಗೆ ಹತ್ತಿದ್ದು 3

ಜೂನ್ 2

ಪಾರ್ಸೆಲ್ ಬಂತು. ಸಣ್ಣ ಕಪ್ಪು ಪೌಚ್. ಒಳಗೆ ಬೀಗದ ಪಿನ್ ಎತ್ತುವ ತೆಳು ಕಡ್ಡಿ, ಅಂದರೆ ಪಿಕ್, 12. ಬೀಗದ ಉರುಳೆಯನ್ನು ತಿರುವಿ ಹಿಡಿಯುವ ಟೆನ್ಷನ್ ರೆಂಚ್ 5. ಜೊತೆಗೆ ಒಳಗಿನದೆಲ್ಲ ಕಾಣುವ ಪ್ಲಾಸ್ಟಿಕ್ ಬೀಗ ಒಂದು. ಅಮ್ಮ ಒಂದೊಂದನ್ನೇ ಎತ್ತಿ ನೋಡಿ, "ಇದೇನೋ, ಹಲ್ಲಿನ ಡಾಕ್ಟರ್ ಸಾಮಾನಿನ ಥರ ಇದೆ" ಅಂದರು. ನಿಜಕ್ಕೂ ಹಾಗೇ ಇದೆ.

ಕೀ ಇಲ್ಲದೆ ಬೀಗ ಬಿಚ್ಚುವ ಹವ್ಯಾಸದ ಬಗ್ಗೆ ಒಂದು ವರ್ಷದಿಂದ ಓದುತ್ತಿದ್ದೆ. ಜರ್ಮನಿ, ನೆದರ್‌ಲ್ಯಾಂಡ್ಸ್‌ನಲ್ಲಿ ಇದಕ್ಕೆ ಸಂಘಗಳಿವೆ, ಸ್ಪರ್ಧೆ ನಡೆಯುತ್ತವೆ. ಎಲ್ಲ ಕಡೆ ಎರಡು ನಿಯಮ ಹೇಳುತ್ತಾರೆ. ನಿಮ್ಮದಲ್ಲದ ಬೀಗ ಮುಟ್ಟಬೇಡಿ. ನಿಮ್ಮದೇ ಆದರೂ ದಿನಬಳಕೆಯ ಬೀಗ ಮುಟ್ಟಬೇಡಿ. ಮೊದಲನೆಯದು ಹೇಳದೆಯೇ ಗೊತ್ತಾಗುವಂಥದ್ದು. ಎರಡನೆಯದು ಯಾಕೆ ಅಂತ ಆಗ ನನಗೆ ಗೊತ್ತಿರಲಿಲ್ಲ.

ಜೂನ್ 5

ಪ್ಲಾಸ್ಟಿಕ್ ಬೀಗ ಐದೇ ನಿಮಿಷಕ್ಕೆ ಬಿಚ್ಚಿತು. ಖುಷಿಯಾಯಿತು. ಆದರೆ ಇದರಿಂದ ಜಾಸ್ತಿ ಏನೂ ಕಲಿಯಲಾಗದು. ಪಿನ್‌ಗಳು ಸಡಿಲ, ಎಲ್ಲವೂ ಕಣ್ಣಿಗೆ ಕಾಣುತ್ತೆ. ಈ ವಿದ್ಯೆಯಲ್ಲಿ ಕಲಿಯಬೇಕಾದದ್ದು ಕಣ್ಣಲ್ಲ, ಬೆರಳು. ಒಳಗೆ ಏನು ನಡೆಯುತ್ತೆ ಅಂತ ಒಂದು ಸಂಜೆ ನೋಡಿ ತಿಳಿಯಲು ಸಾಕು, ಅಷ್ಟೇ.

ಒಳಗಿರುವುದು ಇಷ್ಟು. 1861ರಲ್ಲಿ ಅಮೆರಿಕದ ಲೈನಸ್ ಯೇಲ್ ಜೂನಿಯರ್ ಪೇಟೆಂಟ್ ಪಡೆದ ಪಿನ್ ಟಂಬ್ಲರ್ ಬೀಗದ ಕಟ್ಟು ಇಂದಿಗೂ ಹೆಚ್ಚುಕಡಿಮೆ ಅದೇ. ತಿರುಗುವ ಒಂದು ಉರುಳೆ. ಅದರೊಳಗೆ ಇಳಿದು ತಡೆಯುವ ಜೋಡಿ ಪಿನ್‌ಗಳು, ಮೇಲೆ ಸ್ಪ್ರಿಂಗ್. ಸರಿಯಾದ ಕೀ ಹಾಕಿದರೆ ಎಲ್ಲ ಜೋಡಿಗಳೂ ಒಂದೇ ಗೆರೆಯಲ್ಲಿ ಬೇರೆಯಾಗಿ ಉರುಳೆ ತಿರುಗುತ್ತೆ. ತೂತುಗಳನ್ನು ಎಷ್ಟೇ ನಾಜೂಕಾಗಿ ಕೊರೆದರೂ ಕೂದಲೆಳೆಯಷ್ಟು ಆಚೀಚೆ ಇದ್ದೇ ಇರುತ್ತೆ. ಉರುಳೆಯನ್ನು ಮೆಲ್ಲಗೆ ತಿರುವಿ ಹಿಡಿದರೆ ಎಲ್ಲ ಪಿನ್‌ಗಳೂ ಒಟ್ಟಿಗೆ ಬಿಗಿಯಾಗುವುದಿಲ್ಲ, ಒಂದು ಮೊದಲು ಬಿಗಿಯಾಗುತ್ತೆ. ಅದನ್ನು ಹುಡುಕಿ ಎತ್ತಬೇಕು. ಗೆರೆಗೆ ಬಂದಾಗ "ಟಿಕ್" ಅಂತ ಬೆರಳಿಗೆ ಗೊತ್ತಾಗುತ್ತೆ. ಆಮೇಲೆ ಬಿಗಿಯಾದ ಮುಂದಿನ ಪಿನ್. ಪಿಕ್ ಆರಿಸುವ ಮಾತು ಪೂರ್ತಿ ಇದರ ಮೇಲೆ ನಿಂತಿದೆ: ಪಕ್ಕದ ಪಿನ್ ಅಲುಗದ ಹಾಗೆ ಬೇಕಾದ ಪಿನ್ ಒಂದನ್ನೇ ಎತ್ತಲು ಯಾವ ತುದಿ ಸರಿ?

ಜೂನ್ 16

ಹತ್ತು ದಿನ ಒಂದೇ ಬೀಗದ ಮೇಲೆ ಕೂತೆ. ಹಳೆ ಮನೆಯ ಗೇಟಿನದು, ಮೈಮೇಲೆ "7 ಲೀವರ್" ಅಂತ ಒತ್ತಿದೆ. ತುದಿ ಗಿಡ್ಡ ಕೊಕ್ಕೆಯಂತಿರುವ ಶಾರ್ಟ್ ಹುಕ್, ತ್ರಿಕೋನದಂತಿರುವ ಡೈಮಂಡ್, ಗುಂಡಗಿರುವ ಬಾಲ್, ಎಲ್ಲ ಪಿಕ್ ಹಾಕಿ ನೋಡಿದೆ. ಒಂದು ಟಿಕ್ಕೂ ಇಲ್ಲ.

ಕೊನೆಗೆ ಬೀದಿ ಬದಿ ಕೀ ಮಾಡುವ ಅಣ್ಣನ ಹತ್ತಿರ ಆ ಬೀಗ, ಅದರ ಕೀ, ನನ್ನ ಪೌಚ್ ಮೂರನ್ನೂ ಒಯ್ದೆ. ನನ್ನ ಹವ್ಯಾಸ ಏನು ಅಂತ ಹೇಳಿದೆ. ಅವರು ಕೀ ಹಿಡಿದು ಬೆಳಕಿಗೆ ನೋಡಿದರು. ಎರಡೂ ಕಡೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಕೀ. "ಇದ್ರಲ್ಲಿ ಪಿನ್ನೇ ಇಲ್ವಲ್ಲ ಸರ್, ಪ್ಲೇಟು ಇರೋದು. ನಿಮ್ ಸಾಮಾನು ಬೇರೆ ಬೀಗದ್ದು. ಮೊದ್ಲು ಕಿಂಡಿ ನೋಡಿ, ಆಮೇಲೆ ಸಾಮಾನು ತಗೊಳಿ" ಅಂದರು.

ನಮ್ಮ ಕಡೆ ಶುರು ಮಾಡುವವರಿಗೆ ಇದನ್ನೇ ಮೊದಲು ಹೇಳಬೇಕು. ಆನ್‌ಲೈನ್‌ನಲ್ಲಿ ಸಿಗುವ ಸೆಟ್‌ಗಳು ಹೆಚ್ಚಾಗಿ ಪಿನ್ ಬೀಗಕ್ಕೆ ಮಾಡಿದವು. ನಮ್ಮ ಮನೆಗಳಲ್ಲಿ ತೂಗುವ ದಪ್ಪ ಬೀಗಗಳಲ್ಲಿ ಬೇಕಾದಷ್ಟು ಲೀವರ್ ಬೀಗಗಳು, ಅಂದರೆ ಪಿನ್ ಬದಲು ಪ್ಲೇಟು ಇರುವವು. ಅಲೀಗಢದಿಂದ ಬರುವವು ಇವೆ, 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ದಿಂಡಿಗಲ್ ಬೀಗಗಳಿವೆ. ಇವುಗಳ ಪ್ಲೇಟುಗಳಿಗೆ ಬೇರೆಯೇ ಆಕಾರದ ಸಾಮಾನು ಬೇಕು, ಬೇರೆಯೇ ಅಭ್ಯಾಸ ಬೇಕು. ಲೀವರ್ ಬೀಗದ ಚರಿತ್ರೆಯೂ ಸಣ್ಣದಲ್ಲ. 1851ರ ಲಂಡನ್ ಮಹಾಪ್ರದರ್ಶನದ ಸಮಯದಲ್ಲಿ ಅಮೆರಿಕದ ಹಾಬ್ಸ್ ಅನ್ನುವವನು ಚಬ್ ಕಂಪನಿಯ ಲೀವರ್ ಬೀಗ ಬಿಚ್ಚಿ ಇಂಗ್ಲೆಂಡನ್ನೇ ಬೆಚ್ಚಿಸಿದ್ದ. ಅದೇ ವರ್ಷ ಬ್ರಾಮಾ ಕಂಪನಿಯ ಬೀಗಕ್ಕೆ ಕೈ ಹಾಕಿದ. ಅದು ಲೀವರ್‌ದಲ್ಲ, ಬೇರೆ ಜಾತಿಯದು. 16 ದಿನಗಳಲ್ಲಿ ಹರಡಿದ 51 ಗಂಟೆ ಕೆಲಸ ಮಾಡಿ ಅದನ್ನೂ ಬಿಚ್ಚಿದ. ನನ್ನ ಹತ್ತು ದಿನ ಅದರ ಮುಂದೆ ಏನೂ ಅಲ್ಲ ಅಂತ ಸಮಾಧಾನವಾಯಿತು.

ಲೀವರ್ ಬೀಗವನ್ನು ಕಟ್ಟಿ ಅಟ್ಟದ ಮೇಲಿಟ್ಟೆ. ಈಗ ಬರೀ ಪಿನ್ ಬೀಗ.

ಜೂನ್ 20

ಇವತ್ತು ಎರಡನೇ ನಿಯಮ ಅರ್ಥವಾಯಿತು. ಸ್ಟೋರ್ ರೂಮಿನ ಬೀಗ ಪಿನ್ ಬೀಗವೇ ಅಲ್ವಾ ಅಂತ ಅದರ ಮೇಲೆ ಕೂತೆ. ರೆಂಚಿನ ಟೆನ್ಷನ್ ಜಾಸ್ತಿಯಾಯಿತು. ಪಿಕ್ ತುದಿ ಒಳಗೇ ಮುರಿಯಿತು. ಈಗ ಕೀ ಕೂಡ ಹೋಗುವುದಿಲ್ಲ. ಅಕ್ಕಿ, ಬೇಳೆ ಎಲ್ಲ ಒಳಗೆ. ಹ್ಯಾಕ್‌ಸಾ ತಂದು ಕೊಂಡಿ ಕೊಯ್ದು ತೆಗೆಯುವಷ್ಟರಲ್ಲಿ ಒಂದೂವರೆ ಗಂಟೆಯಾಯಿತು. ಅಮ್ಮ ಬೈಯಲಿಲ್ಲ, ಹೊಸ ಬೀಗ ತರಲು ದುಡ್ಡು ಕೇಳಿದರು ಅಷ್ಟೇ.

ಮುರಿದ ಪಿಕ್ಕನ್ನು ಭೂತಗನ್ನಡಿಯಲ್ಲಿ ನೋಡಿದೆ. ಯಂತ್ರದಲ್ಲಿ ಅಚ್ಚೊತ್ತಿ ಕತ್ತರಿಸಿದ ಅಂಚು ಗರಗಸದ ಹಾಗಿದೆ, ಯಾರೂ ಉಜ್ಜಿಲ್ಲ. ಅಂಥ ಒಂದು ಗೀರಿನ ಹತ್ತಿರವೇ ಮುರಿದಿದೆ. ಸಂಜೆ ಉಳಿದವನ್ನೆಲ್ಲ 400, 800, 1200 ನಂಬರಿನ ವಾಟರ್ ಪೇಪರ್‌ನಲ್ಲಿ ಉಜ್ಜಿದೆ. ಅಗ್ಗದ ಸೆಟ್ ತಂದವರು ಮೊದಲ ದಿನವೇ ಮಾಡಬೇಕಾದ ಕೆಲಸ ಇದು. ಉಜ್ಜಿದ ಮೇಲೆ ಅದೇ ಪಿಕ್ ಪಿನ್ ಮೇಲೆ ಜಾರುವ ರೀತಿಯೇ ಬೇರೆ. ಮೊದಲು ಕರಕರ ಅನ್ನುತ್ತಿದ್ದದ್ದು ಈಗ ಸದ್ದಿಲ್ಲ. ಆ ಕರಕರದಲ್ಲೇ ನನ್ನ ಟಿಕ್ ಮುಚ್ಚಿಹೋಗುತ್ತಿತ್ತು.

ಜೂನ್ 29

ಗುಜರಿಯಲ್ಲಿ ಕೀ ಕಳೆದ ಪಿನ್ ಬೀಗಗಳು ಆರು ಸಿಕ್ಕವು. ಎಲ್ಲದರೊಳಗೂ ಕೊಬ್ಬರಿ ಎಣ್ಣೆ. ಬೀಗ ಬಿಗಿಯಾದರೆ ಕೊಬ್ಬರಿ ಎಣ್ಣೆ ಬಿಡುವುದು ನಮ್ಮಲ್ಲಿ ರೂಢಿ. ಅದು ಧೂಳು ಹಿಡಿದು ಅಂಟಾಗುತ್ತೆ. ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ಒರೆಸಿ, ಒಣಗಿಸಿ, ಪೆನ್ಸಿಲ್ ಸೀಸವನ್ನು ಪುಡಿ ಮಾಡಿ ಹಾಕಿದೆ. ಪಿನ್‌ಗಳು ಹೊಸದರ ಹಾಗೆ ಕುಣಿಯತೊಡಗಿದವು.

ಜುಲೈ 14

ಆರರಲ್ಲಿ ನಾಲ್ಕು ಬಿಚ್ಚಿವೆ. ಯಾವ ಪಿಕ್ ಬಳಸಿದೆ ಅಂತ ಪ್ರತಿ ಸಲ ನೋಟ್‌ಬುಕ್‌ನಲ್ಲಿ ಬರೆದಿದ್ದೆ. ಇವತ್ತು ಎಣಿಸಿದೆ. ನಾಲ್ಕರಲ್ಲಿ ಮೂರು ಬಿಚ್ಚಿದ್ದು ಶಾರ್ಟ್ ಹುಕ್‌ನಿಂದ. ನಾಲ್ಕನೆಯದಕ್ಕೆ ಹಾಫ್ ಡೈಮಂಡ್. ಅದರ ಕಿಂಡಿ ತಗ್ಗು, ಹುಕ್ಕಿನ ತಲೆ ಆಡಲು ಜಾಗವೇ ಇರಲಿಲ್ಲ. ಡೈಮಂಡ್ ಇಳಿಜಾರಾಗಿರುವುದರಿಂದ ಹಿಂದೆ ಎಳೆಯುವಾಗ ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

ಬಾಲ್, ಡಬಲ್ ಬಾಲ್, ದೊಡ್ಡ ಡೈಮಂಡ್, ಇವು ಕೈಗೇ ಬಂದಿಲ್ಲ. ಹಾವಿನ ಹಾಗೆ ಬಳುಕಿದ ಸ್ನೇಕ್ ರೇಕ್ ಇದೆ. ಒಳಗೆ ಹಾಕಿ ಆಡಿಸಿದರೆ ಅಗ್ಗದ ಬೀಗ ಅದೃಷ್ಟವಿದ್ದರೆ ಬಿಚ್ಚುತ್ತೆ. ಮೊದಲ ತಿಂಗಳು ರೇಕ್ ಮುಟ್ಟಬಾರದು ಅಂತ ನನ್ನ ಅಭಿಪ್ರಾಯ. ಬೀಗ ಬಿಚ್ಚಿದರೂ ಯಾಕೆ ಬಿಚ್ಚಿತು ಅಂತ ಕೈಗೆ ಗೊತ್ತಾಗುವುದಿಲ್ಲ. ಆಮೇಲೆ ಒಂದು ಇದ್ದರೆ ಸಾಕು. ನಾಲ್ಕು ಬಗೆಯ ರೇಕ್ ಕೊಟ್ಟಿರುವ ಸೆಟ್ ಸುಮ್ನೆ ಸಂಖ್ಯೆ ತುಂಬಿಸಿದೆ.

ಜುಲೈ 21

ಐದನೇ ಬೀಗ ಹಿತ್ತಾಳೆಯದು, ಚಿಕ್ಕದು, ಅಂಗೈಯಲ್ಲಿ ಕೂರುತ್ತೆ. ಕಿಂಡಿ ಸೊಟ್ಟ. ಒಳಕ್ಕೆ ಎರಡು ಏಣು ಚಾಚಿಕೊಂಡಿವೆ. ನನ್ನ ಪಿಕ್‌ಗಳ ದಪ್ಪ ವರ್ನಿಯರ್‌ನಲ್ಲಿ ಅಳೆದರೆ 0.8 ಮಿ.ಮೀ. ಒಳಗೆ ಹೋಗುತ್ತೆ, ಆದರೆ ಗೋಡೆಗೆ ಉಜ್ಜುತ್ತೆ. ತಗುಲಿದ್ದು ಪಿನ್ನೋ ಗೋಡೆಯೋ ಅಂತ ತಿಳಿಯುವುದಿಲ್ಲ. ಕೀ ಮಾಡುವ ಅಣ್ಣ ಹೇಳಿದ ಮಾತು ಇಲ್ಲಿ ಇನ್ನೊಮ್ಮೆ ನೆನಪಾಯಿತು. ಒಳ್ಳೆ ಪಿಕ್‌ಗಳು 0.025 ಇಂಚು, ಅಂದರೆ ಸುಮಾರು 0.6 ಮಿ.ಮೀ. ಇರುತ್ತವೆ. ಇಕ್ಕಟ್ಟಿನ ಕಿಂಡಿಗೆ 0.018 ಇಂಚಿನವು ಬರುತ್ತವೆ, ಸುಮಾರು 0.46 ಮಿ.ಮೀ. ತೆಳುವಾದಷ್ಟೂ ಬಾಗುತ್ತೆ. ಹಾಗಾಗಿ ಎಲ್ಲಕ್ಕೂ ತೆಳುವೇ ತಗೊಳ್ಳುವುದೂ ಸರಿಯಲ್ಲ.

ಹ್ಯಾಕ್‌ಸಾ ಬ್ಲೇಡಿನ ದಪ್ಪ ಸುಮಾರು 0.6 ಮಿ.ಮೀ. ಗೆಳೆಯನ ಗ್ರಿಲ್ ಅಂಗಡಿಯ ಗ್ರೈಂಡರ್‌ನಲ್ಲಿ ಒಂದು ಶಾರ್ಟ್ ಹುಕ್ ಕೊರೆದೆ. ಎರಡು ಸೆಕೆಂಡು ತಾಗಿಸು, ನೀರಿಗದ್ದು. ಮತ್ತೆ ಎರಡು ಸೆಕೆಂಡು, ಮತ್ತೆ ನೀರು. ಮೊದಲ ತುಂಡು ಆತುರದಲ್ಲಿ ನೀಲಿಗೆ ತಿರುಗಿತು. ಉಕ್ಕು ನೀಲಿಯಾದರೆ ಹದ ಹೋಯಿತು ಅಂತಲೇ ಅರ್ಥ, ಇಕ್ಕಳದಲ್ಲಿ ಹಿಡಿದರೆ ತಂತಿಯ ಹಾಗೆ ಬಾಗಿತು. ಎರಡನೆಯದು ಚೆನ್ನಾಗಿ ಬಂತು. ಮುಂದಿನ ನಾಲ್ಕು ಸೆಂ.ಮೀ. ಮಾತ್ರ ಗಾಜಿನ ಮೇಲೆ ವಾಟರ್ ಪೇಪರ್ ಹಾಸಿ ಎರಡು ಸಂಜೆ ಉಜ್ಜಿ 0.5ಕ್ಕೆ ತಂದೆ.

ಆಗಸ್ಟ್ 3

ಹುಕ್ ಸರಿಯಾಯಿತು, ಬೀಗ ಬಿಚ್ಚಲಿಲ್ಲ. ತಪ್ಪು ಇನ್ನೊಂದು ಕೈಯಲ್ಲಿತ್ತು. ಸೆಟ್ಟಿನ ಟೆನ್ಷನ್ ರೆಂಚ್‌ಗಳು ಕಿಂಡಿಯ ತಳದಲ್ಲಿ ಕೂರುವಂಥವು. ಇಷ್ಟು ಸಣ್ಣ ಕಿಂಡಿಯಲ್ಲಿ ಅರ್ಧ ಜಾಗ ಅವೇ ನುಂಗುತ್ತವೆ. ಪಿಕ್ಕಿಗೆ ದಾರಿಯೇ ಇಲ್ಲ. ಪಿನ್‌ಗಳಿರುವ ಕಡೆ, ಮೊದಲ ಪಿನ್ನಿಗಿಂತ ಮುಂಚೆ, ಕಿಂಡಿಯ ಬಾಯಲ್ಲಿ ಮಾತ್ರ ಕಚ್ಚಿಕೊಳ್ಳುವ ಚಪ್ಪಟೆ ರೆಂಚ್ ಬೇಕು.

ಮೆಕ್ಯಾನಿಕ್ ಎಸೆದಿದ್ದ ಹಳೆ ವೈಪರ್ ಕೇಳಿ ತಂದೆ. ರಬ್ಬರ್ ಎಳೆದರೆ ಒಳಗೆ ಎರಡು ಸ್ಟೀಲ್ ಪಟ್ಟಿ. ಬಿಸಿ ಮಾಡದೆ ಇಕ್ಕಳದಲ್ಲೇ ನಿಧಾನವಾಗಿ ಬಗ್ಗಿಸಿದೆ. ತುದಿಯನ್ನು ಅರದಿಂದ ಎರಡು ಸಲ ಉಜ್ಜು, ಕಿಂಡಿಗಿಟ್ಟು ನೋಡು. ಇನ್ನೂ ದಪ್ಪ. ಮತ್ತೆ ಎರಡು ಸಲ. ಒಂದು ಹಂತದಲ್ಲಿ ಪಟ್ಟಿ ಕಿಂಡಿಯ ಬಾಯಲ್ಲಿ ಹಿಡಿದುಕೊಂಡಿತು. ಕೈ ಬಿಟ್ಟರೂ ಬೀಳಲಿಲ್ಲ. ಮೊದಲ ಪಿನ್ನನ್ನು ಪಿಕ್‌ನಿಂದ ಒತ್ತಿದೆ, ಸಲೀಸಾಗಿ ಕುಣಿಯಿತು. ಅಂದರೆ ರೆಂಚ್ ಅದಕ್ಕೆ ತಾಗುತ್ತಿಲ್ಲ. ಇಷ್ಟು ಹೊತ್ತು ಕೂತು ಉಜ್ಜಿದ್ದು ಸಾರ್ಥಕ ಅನ್ನಿಸಿತು.

ಆ ರಾತ್ರಿ 11ಕ್ಕೆ ಹಿತ್ತಾಳೆ ಬೀಗ ಬಿಚ್ಚಿತು. ಕೊಂಡಿ ಹಾರಿದ ಸದ್ದಿಗೆ ಅಮ್ಮ ಒಳಗಿನಿಂದ, "ಬಂತೇನೋ?" ಅಂತ ಕೇಳಿದರು.

ಇನ್ನೊಮ್ಮೆ ಹಣ ಹಾಕುವುದಾದರೆ 17ರ ಸೆಟ್ ತರುವುದಿಲ್ಲ. ಒಂದು ಒಳ್ಳೆ ಶಾರ್ಟ್ ಹುಕ್, ಅದಕ್ಕಿಂತ ತಲೆ ಸ್ವಲ್ಪ ಎತ್ತರದ ಇನ್ನೊಂದು ಹುಕ್, ಮೂರು ದಪ್ಪದ ಚಪ್ಪಟೆ ರೆಂಚ್‌ಗಳು, ಅಷ್ಟು ತರುತ್ತೇನೆ. ಪಿಕ್ಕಿಗಿಂತ ರೆಂಚಿಗೆ ಹೆಚ್ಚು ಯೋಚನೆ ಮಾಡುತ್ತೇನೆ.

ಆಗಸ್ಟ್ 17

ಈಗ ಬಟ್ಟೆಯಲ್ಲಿ ಸುತ್ತಿಟ್ಟಿರುವುದು ಆರು ತುಂಡು. ಸೆಟ್ಟಿನಿಂದ ಉಳಿದದ್ದು ಮೂರು: ಶಾರ್ಟ್ ಹುಕ್, ಹಾಫ್ ಡೈಮಂಡ್, ಸ್ನೇಕ್ ರೇಕ್. ನಾನು ಮಾಡಿದ್ದು ಮೂರು: ತೆಳು ಹುಕ್, ಎರಡು ವೈಪರ್ ರೆಂಚ್. ಇವು ಮನೆಯ ಮೇಜಿನಿಂದ ಆಚೆ ಹೋಗುವುದಿಲ್ಲ. ಜೇಬಿನಲ್ಲಿಟ್ಟು ತಿರುಗುವ ವಸ್ತು ಇದಲ್ಲ.

ಆರನೇ ಬೀಗ ಇನ್ನೂ ಬಾಕಿ. ಉರುಳೆ ಸ್ವಲ್ಪ ತಿರುಗಿ ನಿಲ್ಲುತ್ತೆ, ಬಿಚ್ಚಿತು ಅನ್ನಿಸುತ್ತೆ, ಬಿಚ್ಚಿರುವುದಿಲ್ಲ. ನಡು ಸಣ್ಣದಾದ ಸ್ಪೂಲ್ ಪಿನ್ ಇರಬೇಕು, ದಾರದ ರೀಲಿನ ಹಾಗೆ. ಆ ಪಿನ್ ಎತ್ತುವಾಗ ಉರುಳೆ ಹಿಂದಕ್ಕೆ ತಳ್ಳುತ್ತೆ, ಆಗ ಟೆನ್ಷನ್ ಸಡಿಲ ಬಿಡಬೇಕು. ನಾಲ್ಕನೇ ಪಿನ್ ಉದ್ದ, ಅದನ್ನು ಸ್ವಲ್ಪವೇ ಎತ್ತಬೇಕು, ಅದರ ಹಿಂದಿನ ಐದನೆಯದನ್ನು ಎತ್ತರಕ್ಕೆ ಎತ್ತಬೇಕು. ನನ್ನ ಶಾರ್ಟ್ ಹುಕ್ ಐದನೆಯದನ್ನು ಮುಟ್ಟುವಷ್ಟರಲ್ಲಿ ಅದರ ಬೆನ್ನು ನಾಲ್ಕನೆಯದನ್ನು ಒತ್ತಿಬಿಡುತ್ತೆ. ತಲೆ ಎತ್ತರದ ಹುಕ್ಕಿಗೆ ಬ್ಲೇಡಿನ ಮೇಲೆ ಗೆರೆ ಎಳೆದಿಟ್ಟಿದ್ದೇನೆ. ಭಾನುವಾರ ಗ್ರಿಲ್ ಅಂಗಡಿ ರಜೆ, ಗ್ರೈಂಡರ್ ಸಿಗುತ್ತೆ.