ಥೈರಾಯ್ಡ್ ಸ್ಕ್ಯಾನ್ ರಿಪೋರ್ಟ್ ನೋಡಿ ಹೆದರುವ ಮುಂಚೆ

ಕತ್ತಿನ ಸ್ಕ್ಯಾನ್ ರಿಪೋರ್ಟಿನಲ್ಲಿ ನಾಡ್ಯೂಲ್ (ಗಂಟು) ಅಂತ ಕಂಡ ಕೂಡಲೇ ಕ್ಯಾನ್ಸರ್ ಅಂದುಕೊಂಡು ಊಟ ನಿದ್ದೆ ಬಿಟ್ಟವರನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಥೈರಾಯ್ಡ್ ಗಂಟುಗಳು ತುಂಬಾ ಸಾಮಾನ್ಯ, ವಯಸ್ಸಾದ ಹೆಂಗಸರಲ್ಲಂತೂ ಇನ್ನೂ ಜಾಸ್ತಿ, ಅದರಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲವೇ ಅಲ್ಲ.

ಇನ್ನೊಂದು ವಿಷಯ. ಈ ಸ್ಕ್ಯಾನ್, ಅಂದರೆ ಅಲ್ಟ್ರಾಸೌಂಡ್, ಹಾರ್ಮೋನ್ ಅಳೆಯುವುದಿಲ್ಲ. ಅದಕ್ಕೆ ಟಿಎಸ್‌ಎಚ್ (ಥೈರಾಯ್ಡಿಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನ್) ರಕ್ತಪರೀಕ್ಷೆಯೇ ಬೇಕು. ಬರೀ ಸುಸ್ತು, ತೂಕ ಜಾಸ್ತಿ ಅಂತ ಸುಮ್ನೆ ಸ್ಕ್ಯಾನ್ ಮಾಡಿಸಿದರೆ ಉತ್ತರ ಸಿಗುವುದಿಲ್ಲ.

ಸ್ಕ್ಯಾನ್ ತೋರಿಸುವುದು ಗಂಟು ಹೇಗಿದೆ ಅನ್ನುವುದನ್ನು: ಒಳಗೆ ನೀರಿದೆಯಾ ಅಥವಾ ಗಟ್ಟಿಯಾ, ಸುತ್ತಲಿನ ಗ್ರಂಥಿಗಿಂತ ಕಪ್ಪಗಿದೆಯಾ, ಅಂಚು ಏರುಪೇರಾಗಿದೆಯಾ, ಸುಣ್ಣದ ಸಣ್ಣ ಚುಕ್ಕಿಗಳಿವೆಯಾ, ಅಗಲಕ್ಕಿಂತ ಎತ್ತರ ಜಾಸ್ತಿಯಾ. ಇದಕ್ಕೆಲ್ಲ ಅಂಕ ಕೊಟ್ಟು ಟೈರಾಡ್ಸ್ (ಗಂಟಿನ ಬಗ್ಗೆ ಎಷ್ಟು ಅನುಮಾನ ಪಡಬೇಕು ಅಂತ ಹೇಳುವ ಪದ್ಧತಿ) 1ರಿಂದ 5ರವರೆಗೆ ಒಂದು ದರ್ಜೆ ಬರೆಯುತ್ತಾರೆ; ಸಂಖ್ಯೆ ಹೆಚ್ಚಿದಷ್ಟೂ ಅನುಮಾನ ಜಾಸ್ತಿ. 2017ರ ಅಮೆರಿಕದ ಪದ್ಧತಿಯಲ್ಲಿ ಗಂಟಿನ ಗಾತ್ರ ದರ್ಜೆ 3 ಆದರೆ 2.5 ಸೆಂ.ಮೀ., 4 ಆದರೆ 1.5 ಸೆಂ.ಮೀ., 5 ಆದರೆ 1 ಸೆಂ.ಮೀ. ಮುಟ್ಟಿದ ಮೇಲಷ್ಟೇ ಸೂಜಿ ಹಾಕಿ ಪರೀಕ್ಷೆ ಮಾಡಲು ಹೇಳುತ್ತಾರೆ.

ಏನೂ ತೊಂದರೆ ಇಲ್ಲದವರೂ ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಇದೆ ಅಂತ ಕತ್ತಿನ ಸ್ಕ್ಯಾನ್ ಮಾಡಿಸುವುದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ. ದಕ್ಷಿಣ ಕೊರಿಯಾದಲ್ಲಿ ಹೀಗೇ ಆಯಿತು. ಅಲ್ಲಿ 1993ಕ್ಕೆ ಹೋಲಿಸಿದರೆ 2011ರಲ್ಲಿ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 15 ಪಟ್ಟಾಗಿತ್ತು, ಆದರೆ ಅದರಿಂದ ಸಾಯುವವರ ಪ್ರಮಾಣ ಇದ್ದಲ್ಲೇ ಇತ್ತು. ಆಪರೇಷನ್ ಆದ ಬಹಳ ಮಂದಿಗೆ ಜೀವನಪೂರ್ತಿ ಮಾತ್ರೆ ಮಾತ್ರ ಉಳಿಯಿತು.

ಕತ್ತಿನಲ್ಲಿ ಗಂಟು ಕೈಗೆ ಸಿಕ್ಕರೆ, ದನಿ ಒಡೆದು ಹಾಗೇ ಉಳಿದರೆ, ನುಂಗಲು ಕಷ್ಟವಾದರೆ ಮಾತ್ರ ತಡಮಾಡದೆ ಡಾಕ್ಟರಿಗೆ ತೋರಿಸಿ.