ಅರ್ಜಿ ಬರೆಯೋ ಪಾಸ್ಟರು

ಸ್ಕೂಲಿನ ಸ್ಮರಣ ಸಂಚಿಕೆಗೆ ಒಬ್ಬೊಬ್ರು ಒಬ್ಬೊಬ್ಬ ಮೇಷ್ಟ್ರ ಬಗ್ಗೆ ಬರೀರಿ ಅಂತ ಬ್ಯಾಚ್ ಗ್ರೂಪಲ್ಲಿ ಮೆಸೇಜ್ ಬಂದಾಗ ಗಣಿತದ ಮೇಷ್ಟ್ರು, ಕನ್ನಡ ಮೇಡಂ, ಪಿಟಿ ಮೇಷ್ಟ್ರು ಎಲ್ಲಾ ನೋಡ್ತಾ ನೋಡ್ತಾ ಖಾಲಿ, ನಾನು ಪಾಸ್ಟರ್ ಸರ್ ಬಗ್ಗೆ ಬರೀತೀನಿ ಅಂದೆ. ಅವ್ರು ನಮ್ಮ ಸ್ಕೂಲ್ ಮೇಷ್ಟ್ರೇ ಅಲ್ವಲ್ಲ ಗುರು ಅಂತ ಒಬ್ಬ ಕೇಳ್ದ. ಹೌದು, ಅಲ್ಲ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿಲ್ಲ, ಗ್ರೂಪ್ ಫೋಟೋದಲ್ಲೂ ಇಲ್ಲ, ಆದ್ರೆ 2005ರಲ್ಲಿ ಎಸ್ಸೆಸ್ಸೆಲ್ಸಿ ಬರ್ದ ನಮ್ಮ ಬ್ಯಾಚಲ್ಲಿ ಕಾಫಿ ಎಸ್ಟೇಟ್ ಕೂಲಿಯೋರ ಲೈನ್ ಮನೆಗಳಿಂದ ಬರ್ತಿದ್ದ ಮಕ್ಕಳು ಬಹಳಷ್ಟು ಜನ ಇಂಗ್ಲಿಷ್ ಪಾಸಾಗಿದ್ದು ಯಾರಿಂದ ಅಂತ ಹೆಡ್ಮಾಸ್ಟ್ರಿಗೂ ಗೊತ್ತಿತ್ತು.

ಹೊಸ ಹುಡುಗ್ರಿಗೆ ಗೊತ್ತಿರಲ್ಲ, ಅದಕ್ಕೆ ಹೇಳ್ತೀನಿ. ಸಕಲೇಶಪುರದಿಂದ ಬೇಲೂರು ಕಡೆ ಹೋಗೋ ರೋಡಲ್ಲಿ ನಮ್ಮೂರ ಕ್ರಾಸ್ ದಾಟಿದ ಮೇಲೆ ಶೀಟ್ ಹಾಕಿರೋ ಒಂದು ಪ್ರಾರ್ಥನಾ ಮಂದಿರ ಇದೆಯಲ್ಲ, ಗೋಪುರ ಇಲ್ಲ ಗಂಟೆ ಇಲ್ಲ, ಒಳಗೆ ಪ್ಲಾಸ್ಟಿಕ್ ಕುರ್ಚಿ, ಅದು ಬ್ಯಾಪ್ಟಿಸ್ಟ್ ಸಭೆ, ಅಲ್ಲಿಗೆ ಅವರು ಸಭಾಪಾಲಕರು. ಹಾಸನ ಜಿಲ್ಲೇಲಿ ಕ್ರೈಸ್ತರು ಅಂದ್ರೆ ಜನಕ್ಕೆ ಗೊತ್ತಿರೋದು ಗೊರೂರು ಡ್ಯಾಂ ಹಿನ್ನೀರಲ್ಲಿ ಮುಳುಗಿ ಏಳೋ ಶೆಟ್ಟಿಹಳ್ಳಿ ಚರ್ಚು, ಇಲ್ಲಾಂದ್ರೆ ಹಾಸನದ ರೆಡ್‌ಫರ್ನ್ ಆಸ್ಪತ್ರೆ. ಮೊದಲನೇದು ಕ್ಯಾಥೊಲಿಕ್, ಎರಡನೇದು ಮೆಥಡಿಸ್ಟ್ ಮಿಷನ್ನೋರು ಶುರು ಮಾಡಿದ್ದು, ಈಗ ಚರ್ಚ್ ಆಫ್ ಸೌತ್ ಇಂಡಿಯಾ, ಅಂದ್ರೆ ಸಿಎಸ್‌ಐ. 1947ರಲ್ಲಿ ಆಂಗ್ಲಿಕನ್ನರು ಮೆಥಡಿಸ್ಟರು ಎಲ್ಲಾ ಸೇರಿ ಸಿಎಸ್‌ಐ ಆದಾಗ ಬ್ಯಾಪ್ಟಿಸ್ಟರು ಸೇರ್ಲಿಲ್ಲ, ಅವರಲ್ಲಿ ಒಂದೊಂದು ಸಭೇನೂ ತನ್ನ ಪಾಡಿಗೆ ತಾನು, ಮೇಲೆ ಬಿಷಪ್ ಇರಲ್ಲ. ಇದನ್ನೆಲ್ಲಾ ಊರೋರಿಗೆ ಯಾರು ಬಿಡಿಸಿ ಹೇಳ್ತಾರೆ, ಬಿಳಿ ಅಂಗಿ ಹಾಕ್ಕೊಂಡು ಬೈಬಲ್ ಹಿಡ್ಕೊಂಡ್ರೆ ಫಾದರ್ರೇ. ಫಾದರ್ ಹೆಂಡ್ತಿ ಮಕ್ಕಳ ಜೊತೆ ಸಂತೇಲಿ ಈರುಳ್ಳಿ ಚೌಕಾಸಿ ಮಾಡೋದು ನೋಡಿ ಮೊದಮೊದಲು ಎಷ್ಟೋ ಜನ ಮೂಗಿನ ಮೇಲೆ ಬೆರಳಿಟ್ಕೊಂಡಿದ್ರಂತೆ.

ಅವರ ಮಗಳು ನಮ್ಮ ಕ್ಲಾಸೇ. ಬ್ಯಾಪ್ಟಿಸ್ಟರಲ್ಲಿ ಮಗು ಹುಟ್ಟಿದ ಕೂಡ್ಲೇ ದೀಕ್ಷಾಸ್ನಾನ ಇಲ್ಲ, ಸಭೆ ಮುಂದೆ ಎತ್ಕೊಂಡು ಪ್ರಾರ್ಥನೆ ಮಾಡಿ ಕಳಿಸ್ತಾರೆ ಅಷ್ಟೆ. ಬುದ್ಧಿ ಬಂದ ಮೇಲೆ ನಂಬಿಕೆ ಇದೆ ಅಂತ ತಾನಾಗೇ ಹೇಳಿದ್ರೆ ಮಾತ್ರ ಹೊಳೇಲಿ ಪೂರ್ತಿ ಮುಳುಗಿಸಿ ಎತ್ತೋದು, ಚಳಿಗಾಲ ಮುಗಿದು ಹೇಮಾವತಿ ನೀರು ಇಳಿದಾಗ. ನಾವು ಹತ್ತನೇ ಕ್ಲಾಸಲ್ಲಿದ್ದಾಗ ಸಭೆಯೋರೆಲ್ಲ ಈ ವರ್ಷ ಪಾಸ್ಟರ್ ಮಗಳದ್ದು ಅಂತ ಮಾತಾಡ್ಕೊಂಡಿದ್ರೆ ಅವಳು ನಂಗೆ ಈಗ ಬೇಡ ಅಂದ್ಬಿಟ್ಲು. ಅವರಪ್ಪ ಏನ್ ಮಾಡ್ತಾರೋ ಅಂತ ನಾವೆಲ್ಲ ಕಾಯ್ತಿದ್ವಿ, ಅವರು 'ಬೇಡ ಅಂದ್ರೆ ಬೇಡ, ಕೇಳಿ ಕೊಡೋದಕ್ಕೇ ತಾನೇ ನಾವು ಬ್ಯಾಪ್ಟಿಸ್ಟರಾಗಿದ್ದು' ಅಂದು ಟೀ ಕುಡ್ಕೊಂಡು ಎದ್ದು ಹೋದ್ರಂತೆ. ನಮ್ಮನೇಲಿ ಮಂಜುನಾಥನ ಹರಕೆ ಮುಡಿಗೆ ನನ್ನನ್ನ ಯಾರೂ ಕೇಳಿರ್ಲಿಲ್ಲ ಬಿಡಿ.

ಈಗ ಅರ್ಜಿ ವಿಷಯ. ನಮ್ಮಪ್ಪ ಎಸ್ಟೇಟಲ್ಲಿ ಮರಗಸಿ, ಅಂದ್ರೆ ನೆರಳಿನ ಮರದ ಕೊಂಬೆ ಕಡಿಯೋ ಕೆಲಸಕ್ಕೆ ಹೋಗ್ತಿದ್ದೋರು, ನಾನು ಎಂಟನೇ ಕ್ಲಾಸಲ್ಲಿದ್ದಾಗ ತೀರ್ಕೊಂಡ್ರು. ಪಿಎಫ್ ದುಡ್ಡು ಬರ್ಬೇಕಿತ್ತು, ಲೈನಲ್ಲಿ ಅದನ್ನ ಫಂಡು ಅಂತಾರೆ. ಆದ್ರೆ ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ್ ಪುಸ್ತಕದಲ್ಲಿ ಅಪ್ಪ ಪುಟ್ಟಯ್ಯ, ರೇಷನ್ ಕಾರ್ಡಲ್ಲಿ ಪುಟ್ಟಸ್ವಾಮಿ, ವೋಟರ್ ಲಿಸ್ಟಲ್ಲಿ ಪುಟ್ಸಾಮಿ. ಮೂರೂ ಒಬ್ರೇ ಅಂತ ಸಾಬೀತು ಮಾಡೋದು ಹೇಗೆ, ಅವ್ವ ಆಫೀಸಿಗೆ ಅಲೆದೂ ಅಲೆದೂ ಸಾಕಾಗಿ ದುಡ್ಡೇ ಬೇಡ ಅಂತ ಕೂತಿದ್ರು. ಯಾರೋ ಪಾಸ್ಟರ್ ಹತ್ರ ಹೋಗಮ್ಮ ಅಂದ್ರು. ಅಲ್ಲಿಗೆ ಹೋದ್ರೆ ಮತ ಬದಲಾಯಿಸ್ತಾರೆ ಅಂತ ದೊಡ್ಡಪ್ಪ ತಡೆದ್ರೂ ಅವ್ವ ನನ್ನ ಕೈ ಹಿಡ್ಕೊಂಡು ಹೋದ್ರು.

ಜಗಲಿ ಮೇಲೆ ಒಂದು ಹಳೇ ಟೇಬಲ್ಲು, ಅದರ ಡ್ರಾಯರಲ್ಲಿ ಕಾರ್ಬನ್ ಹಾಳೆ, ಸ್ಟಾಂಪ್ ಪ್ಯಾಡು, ರೆವಿನ್ಯೂ ಸ್ಟಾಂಪು, ಒಂದು ಸಣ್ಣ ಬಾಟ್ಲಿ ಕೊಬ್ಬರಿ ಎಣ್ಣೆ. ಅವರು ಪ್ರತಿ ಅರ್ಜೀನೂ ಕಾರ್ಬನ್ ಇಟ್ಟು ಬರೀತಿದ್ರು, ಒಂದು ಪ್ರತಿ ಆಫೀಸಿಗೆ, ಒಂದು ಪ್ರತಿ ನಿಮ್ಮನೆ ಟ್ರಂಕಿಗೆ. ಬರ್ದ ಮೇಲೆ ಜೋರಾಗಿ ಓದ್ತಿದ್ರು, ಸರ್ಕಾರಿ ಕನ್ನಡ ಓದಿ ಆಮೇಲೆ ಅದನ್ನೇ ನಮ್ಮ ಮಾತಲ್ಲಿ ಹೇಳೋರು, ಹೌದಾ ಅಂತ ಕೇಳೋರು, ಅವ್ವ ಹೂಂ ಅಂದ ಮೇಲೇನೇ ಪ್ಯಾಡ್ ಮುಚ್ಚಳ ತೆಗೆದಿದ್ದು. ಹೆಬ್ಬೆಟ್ಟು ಒತ್ತಿದ ಮೇಲೆ ಬಟ್ಟೆಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಾಕಿ ಅವ್ವನ ಕೈಗೆ ಕೊಟ್ರು ಒರೆಸ್ಕೊಳ್ಳೋಕೆ. ಇಂಕಿನ ಬೆರಳು ಇಟ್ಕೊಂಡು ಬಸ್ಸಲ್ಲಿ ಕೂತ್ರೆ ಹೆಬ್ಬೆಟ್ಟು ಅಂತ ಎಲ್ಲರಿಗೂ ಕಾಣುತ್ತಲ್ಲ, ಅದಕ್ಕೆ. ಇದನ್ನ ಅವರು ಬಾಯಿಬಿಟ್ಟು ಹೇಳ್ಲಿಲ್ಲ, ನಾನೇ ಆಮೇಲೆ ಯಾವತ್ತೋ ಬಸ್ಸಲ್ಲಿ ಕೂತಾಗ ಹೊಳೆದಿದ್ದು. ಒಂದು ಅಫಿಡವಿಟ್ಟು, ರೈಟರ್ ಹತ್ರ ಒಂದು ಲೆಟರ್ರು, ಪಂಚಾಯ್ತಿದು ಒಂದು, ವರ್ಷ ಹಿಡೀತು, ದುಡ್ಡು ಬಂತು. ಅವ್ವ ಅರ್ಧ ಕೆಜಿ ಏಲಕ್ಕಿ ತಗೊಂಡ್ ಹೋದ್ರೆ ತಗೊಳ್ಳಲಿಲ್ಲ, ಎರಡು ಕಾಯಿ ಬಿಡಿಸಿ ಟೀಗೆ ಹಾಕೋಕೆ ಅವರ ಹೆಂಡ್ತಿ, ನಮ್ಮ ಆಂಟಿಗೆ ಕೊಟ್ಟು ಉಳಿದಿದ್ದು ವಾಪಸ್ ಕಟ್ಟಿಕೊಟ್ರು.

ವಿಧವಾ ವೇತನ, ವೃದ್ಧಾಪ್ಯ ವೇತನ, 2007ರ ಮೇಲೆ ಸಂಧ್ಯಾ ಸುರಕ್ಷಾ, ರೇಷನ್ ಕಾರ್ಡು, ಜಾತಿ ಸರ್ಟಿಫಿಕೇಟು, ಇದೇ ಅವರ ದಿನಚರಿ. ನಾಡಕಚೇರಿ ಕ್ಯೂನಲ್ಲಿ ಬೇರೆಯೋರ ಪರವಾಗಿ ನಿಂತ್ಕೊಂಡು ಬೈಬಲ್ ಓದ್ತಾ ಇರೋರು. ಯಾರಿಗೂ ಒಂದು ಕರಪತ್ರ ಕೊಟ್ಟಿದ್ದು ನಾನು ನೋಡಿಲ್ಲ. ಕಷ್ಟದಲ್ಲಿ ಬಂದೋರ ಕೈಗೆ ಸುವಾರ್ತೆ ಪುಸ್ತಕ ಕೊಟ್ರೆ ಅದು ಬಡ್ಡಿ ವ್ಯಾಪಾರ ಆಗುತ್ತೆ ಅನ್ನೋರು. ಈ ಮಾತಿಗೆ ಅವರ ಸಭೇಲೇ ಕೆಲವರಿಗೆ ಸಿಟ್ಟಿತ್ತು.

ಟಿಬಿ ಕತೆ ಹೇಳ್ದೇ ಇದ್ರೆ ತಪ್ಪಾಗುತ್ತೆ. ಆಗ ಡಾಟ್ಸ್ ಅಂತ ಎದುರಿಗೇ ಮಾತ್ರೆ ನುಂಗಿಸೋ ಸರ್ಕಾರಿ ಟಿಬಿ ಚಿಕಿತ್ಸೆ ಬಂದಿತ್ತು, ಒಬ್ಬೊಬ್ಬ ರೋಗಿಗೆ ಒಂದೊಂದು ಡಬ್ಬ, ಮೇಲೆ ಅವರ ಹೆಸರು, ಒಳಗೆ ಕೋರ್ಸಿನ ಮಾತ್ರೆ ಪೂರ್ತಿ. ಮೊದಲ ಎರಡು ತಿಂಗಳು ದಿನ ಬಿಟ್ಟು ದಿನ ಯಾರಾದ್ರೂ ಎದುರಿಗೆ ನಿಂತು ನುಂಗಿಸ್ಬೇಕು, ಆಮೇಲೆ ನಾಲ್ಕು ತಿಂಗಳು ವಾರದ ಮೊದಲ ಡೋಸು ಎದುರಿಗೆ, ಉಳಿದಿದ್ದು ಮನೇಲಿ, ಖಾಲಿ ಸ್ಟ್ರಿಪ್ಪು ವಾಪಸ್ ತಂದು ತೋರಿಸ್ಬೇಕು. ನುಂಗಿಸೋ ಕೆಲಸ ಊರಲ್ಲಿ ಯಾರು ಬೇಕಾದ್ರೂ ಮಾಡ್ಬಹುದಿತ್ತು, ಆದ್ರೆ ಯಾರೂ ಮಾಡ್ತಿರ್ಲಿಲ್ಲ, ಪಾಸ್ಟರ್ ಸರ್ ಒಪ್ಕೊಂಡ್ರು. ಲೈನ್‌ಮನೇಲಿ ಬೆಳಿಗ್ಗೆ ಕೆಲಸಕ್ಕೆ ಹಾಜರಿ ಕೂಗೋಕೆ ಮುಂಚೆ ಟಾರ್ಚ್ ಹಿಡ್ಕೊಂಡು ಹೋಗಿ ಬಾಗ್ಲು ತಟ್ಟೋರು. ನಮ್ಮ ಪಕ್ಕದ ಮನೆ ಮಾಮನ ಡಬ್ಬ ಅವರ ಹತ್ರಾನೇ ಇತ್ತು. ಮಾತ್ರೆ ತಗೊಂಡ ಮೊದಲ ದಿನಾನೇ ಮಾಮ ಉಚ್ಚೆ ಕೆಂಪಗೆ ಹೋಗ್ತಿದೆ ರಕ್ತ ಹೋಗ್ತಿದೆ ಅಂತ ಲೈನೆಲ್ಲಾ ಒಂದು ಮಾಡ್ಬಿಟ್ರು, ಹೆಂಡ್ತಿ ಅಳೋಕೆ ಶುರು. ಪಾಸ್ಟರ್ ಬಂದು ಅದು ರಿಫಾಂಪಿಸಿನ್ ಮಾತ್ರೆ ಬಣ್ಣ ಕಣಯ್ಯ, ಕೆಂಪಗೆ ಹೋದ್ರೇನೇ ನೀನು ಮಾತ್ರೆ ನುಂಗಿದೀಯ ಅಂತ ನಂಗೆ ಗ್ಯಾರಂಟಿ ಅಂತ ನಕ್ರು. ಅದು ಪೊಲೀಸಿಂಗೂ ಆಗಿತ್ತು ನೋಡಿ, ಆಮೇಲಿಂದ 'ಬಣ್ಣ ಹೆಂಗಿದೆ' ಅಂತ ಕೇಳೋದೇ ಅವರ ನಮಸ್ಕಾರ.

ಶನಿವಾರ ಬಟವಾಡೆ ಆಗ್ತಿದ್ದಂಗೆ ಮಾಮ ಪ್ಯಾಕೆಟ್ ಸಾರಾಯಿಗೆ ಹೋಗ್ಬಿಡೋರು. ಟಿಬಿ ಮಾತ್ರೆ ಜೊತೆ ಕುಡಿದ್ರೆ ಲಿವರ್‌ಗೆ ಹೊಡೆಯುತ್ತೆ. ಪಾಸ್ಟರ್ ಬುದ್ಧಿ ಹೇಳಿದ್ರು, ಬೈದ್ರು, ಕೊನೆಗೆ ಬಟವಾಡೆ ಟೈಮಿಗೆ ಸರಿಯಾಗಿ ಎಸ್ಟೇಟ್ ಆಫೀಸ್ ಮುಂದೆ ಬಂದು ಸುಮ್ಮನೆ ಮಾಮನ ಜೊತೆ ಸಂತೆಗೆ ಹೋಗಿ ಸಾಮಾನು ತಗೊಂಡು ಮನೆವರೆಗೂ ಬರೋಕೆ ಶುರು ಮಾಡಿದ್ರು. ಆರು ತಿಂಗಳು ಮುಗೀತು, ಕಫದ ಟೆಸ್ಟು ನೆಗೆಟಿವ್ ಬಂತು. ಮಾಮ ಕುಡಿತ ಬಿಟ್ರಾ ಅಂದ್ರೆ ಇಲ್ಲ. ಕೋರ್ಸ್ ಮುಗಿದ ವಾರಾನೇ ಮತ್ತೆ ಶುರು. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗ ಪಾಸ್ಟರ್ ಖುಷಿಯಾಗಿದ್ರು, ಮಾಮ ಬ್ರಾಂಡಿಗೆ ಹೋದ್ರು, ಖರ್ಚು ಡಬಲ್ಲಾಯ್ತು ಅಷ್ಟೆ.

ಸ್ಕೂಲ್ ಜಗಲಿ ಮೇಲೆ ಸಂಜೆ ಟ್ಯೂಷನ್ ಮಾಡೋಕೆ ಹೆಡ್ಮಾಸ್ಟ್ರು ಅವರಿಗೆ ಬಾಯಿಮಾತಲ್ಲಿ ಒಪ್ಪಿಗೆ ಕೊಟ್ಟಿದ್ರು. ಮಳೆಗಾಲದಲ್ಲಿ ಹೆಂಚಿನ ಮೇಲೆ ಮಳೆ ಬೀಳೋ ಸದ್ದಿಗೆ ಏನೂ ಕೇಳ್ತಿರ್ಲಿಲ್ಲ, ಬೋರ್ಡ್ ಮೇಲೆ ಬರೆಯೋರು ನಾವು ಬರ್ಕೊಳ್ಳೋದು. ಗ್ರಾಮರ್ ಬೇಜಾರಾದಾಗ ವಿಲಿಯಂ ಕೇರಿ ಕತೆ ಹೇಳೋರು. ಇಂಗ್ಲೆಂಡಲ್ಲಿ ಚಪ್ಪಲಿ ಹೊಲೀತಿದ್ದ ಮನುಷ್ಯ, ಬ್ಯಾಪ್ಟಿಸ್ಟ್ ಪಾಸ್ಟರ್ ಆಗಿ 1793ರಲ್ಲಿ ಬಂಗಾಳಕ್ಕೆ ಬಂದು ಸೆರಾಂಪುರದಲ್ಲಿ ಪ್ರೆಸ್ ಹಾಕಿದ್ದು, 1812ರಲ್ಲಿ ಪ್ರೆಸ್ಸಿಗೆ ಬೆಂಕಿ ಬಿದ್ದು ಹಸ್ತಪ್ರತಿಗಳೆಲ್ಲ ಸುಟ್ಟು ಹೋದ್ರೂ ಮತ್ತೆ ಮೊದಲಿಂದ ಕೂತಿದ್ದು, 1817ರಲ್ಲಿ ಬಂಗಾಳದಲ್ಲೇ ಕೂತು ಕನ್ನಡಕ್ಕೆ ಒಂದು ವ್ಯಾಕರಣ ಪ್ರಿಂಟ್ ಮಾಡಿಸಿದ್ದು. ಕಿಟೆಲ್ ಹೆಸರು ಎಲ್ಲರಿಗೂ ಗೊತ್ತು, ಅವರ ನಿಘಂಟು 1894, ಕೇರಿ ವ್ಯಾಕರಣ ಅದಕ್ಕಿಂತ ಎಷ್ಟು ವರ್ಷ ಹಿಂದೆ ಲೆಕ್ಕ ಹಾಕು ಅಂತ ಲಾಸ್ಟ್ ಬೆಂಚಿನೋರನ್ನ ಎಬ್ಬಿಸೋರು. ಚಪ್ಪಲಿ ಹೊಲಿಯೋನು ಅಂದಾಗ ಕ್ಲಾಸಲ್ಲಿ ಕೆಲವು ಹುಡುಗ್ರು ತಲೆ ಎತ್ತಿ ನೋಡೋರು, ಅದು ಅವರಿಗೋಸ್ಕರಾನೇ ಹೇಳ್ತಿದ್ದ ಕತೆ ಅನ್ಸುತ್ತೆ ನಂಗೆ ಈಗ.

ಬರೀ ಹೊಗಳೋದು ಬೇಡ. ಸಭೇಲಿ ಅವರು ಮಾಡ್ತಿದ್ದ ಪ್ರಸಂಗ, ಅಂದ್ರೆ ಉಪದೇಶ, ನಿದ್ದೆ ಮಾತ್ರೆ, ಕ್ರಿಸ್ಮಸ್ ಕೇಕ್ ಆಸೆಗೆ ಹೋಗಿ ಒಂದೂವರೆ ಗಂಟೆ ಕೂತಿದ್ದು ನೆನಪಿದೆ. ಕಾಯಿಲೆ ವಾಸಿಯಾಗ್ಲಿ ಅಂತ ಸ್ವಸ್ಥತೆ ಪ್ರಾರ್ಥನೆ ಮಾಡೋ ಗುಂಪೊಂದು ಆ ಕಡೆ ಶುರುವಾದ ಮೇಲೆ ಇವರ ಸಭೆಯಿಂದ ನಾಲ್ಕೈದು ಕುಟುಂಬ ಅಲ್ಲಿಗೆ ಹೋಯ್ತು, ಅಲ್ಲಿ ಡ್ರಮ್ಸ್ ಇತ್ತು. ಇನ್ನೊಂದು, 1951ರ ಪ್ಲಾಂಟೇಷನ್ ಲೇಬರ್ ಕಾಯ್ದೆ ಜೆರಾಕ್ಸ್ ಅವರ ಹತ್ರ ಇತ್ತು, ಮನೆ, ಕುಡಿಯೋ ನೀರು, ಕಕ್ಕಸು ಕೊಡ್ಬೇಕು ಅಂತ ಅಂಡರ್‌ಲೈನ್ ಮಾಡಿ ಇಟ್ಕೊಂಡಿದ್ರು, ಆದ್ರೆ ಸಾಹುಕಾರ್ರ ಬಂಗ್ಲೆಗೆ ಹೋದ್ರೆ ಕಾಫಿ ಕುಡ್ಕೊಂಡು ವಿನಂತಿ ಮಾಡ್ಕೊಂಡು ಬರೋರು. ಒಂದು ನಲ್ಲಿ ಬರೋಕೆ ಎರಡು ವರ್ಷ. ಕಾಲೇಜಿಗೆ ಹೋದ ಮೇಲೆ ನಾವು ಸಂಘ ಹೋರಾಟ ಅಂತೆಲ್ಲಾ ಮಾತಾಡ್ಕೊಂಡು, ಇವರು ಇನ್ನೂ ಸ್ವಲ್ಪ ಗಟ್ಟಿಯಾಗಿ ಕೇಳ್ಬೇಕಿತ್ತು ಅಂದ್ಕೊಳ್ತಿದ್ವಿ, ಈಗ್ಲೂ ನಂಗೆ ಹಾಗೇ ಅನ್ಸುತ್ತೆ. ಮನೆಗೂ ಟೈಮ್ ಕೊಡ್ಲಿಲ್ಲ, ಮಗಳ ಜ್ವರಕ್ಕೆ ಆಂಟಿ ಒಬ್ರೇ ಬಸ್ಸಲ್ಲಿ ಹಾಸನಕ್ಕೆ ಹೋಗಿದ್ದೂ ಉಂಟು, ಇವರು ಅವತ್ತು ಯಾರದೋ ಹೆರಿಗೆಗೆ ಜೀಪ್ ಓಡಿಸ್ಕೊಂಡು ಹೋಗಿದ್ರು.

ಆ ಜೀಪು ಬೇರೆ. 2008ರ ಕೊನೇಲಿ 108 ಆಂಬುಲೆನ್ಸ್ ಶುರುವಾಗೋವರೆಗೂ ನಮ್ಮ ಕಡೆ ರಾತ್ರಿ ಹೊತ್ತು ಹೊಟ್ಟೆನೋವು ಹೆರಿಗೆ ಹಾವು ಕಚ್ಚಿದ್ದು ಎಲ್ಲದಕ್ಕೂ ಅದೇ. ಡೀಸೆಲ್ ದುಡ್ಡು ಇದ್ದೋರು ಕೊಡೋರು.

ಅದೇ 2008ರ ಸೆಪ್ಟೆಂಬರಲ್ಲಿ ಮಂಗಳೂರು ಕಡೆ ಚರ್ಚುಗಳ ಮೇಲೆ ದಾಳಿ ಆದಾಗ ನಮ್ಮೂರಲ್ಲೂ ಗುಸುಗುಸು ಎದ್ದಿತ್ತು. ಪಕ್ಕದೂರಿಂದ ಕೆಲವರು ಬಂದು ಇಷ್ಟು ವರ್ಷದಲ್ಲಿ ಎಷ್ಟು ಜನಾನ ಸೇರಿಸಿದೀರ ಹೇಳಿ ಅಂತ ಜಗಲಿ ಮೇಲೆ ಕೂತ್ರಂತೆ. ಇವರು ಒಳಗಿಂದ ಸಭೆ ರಿಜಿಸ್ಟರ್ ತಂದು ಟೇಬಲ್ ಮೇಲಿಟ್ರು, ಹತ್ತು ಹದಿನೈದು ಮನೆ, ಅದ್ರಲ್ಲೂ ಬಿಟ್ಟು ಹೋದೋರ ಹೆಸರಿಗೆ ಗೆರೆ. ಅದರ ಪಕ್ಕ ಕಾರ್ಬನ್ ಪ್ರತಿಗಳ ಫೈಲು, ಅದನ್ನ ಎತ್ತೋಕೇ ಎರಡು ಕೈ ಬೇಕು. ಬಂದೋರಲ್ಲಿ ಒಬ್ಬರ ತಾಯೀದೇ ವೃದ್ಧಾಪ್ಯ ವೇತನದ ಅರ್ಜಿ ಆ ಫೈಲಲ್ಲಿತ್ತು ಅಂತ ಆಂಟಿ ಹೇಳ್ತಾರೆ, ಪಾಸ್ಟರ್ ಅದನ್ನ ತೆಗೆದು ತೋರಿಸ್ಲಿಲ್ಲ. ತೋರಿಸ್ಬೇಕಿತ್ತು ಅಂತ ಆಂಟಿಗೆ ಇನ್ನೂ ಸಿಟ್ಟು.

ಕೋವಿಡ್ ಆದ್ಮೇಲೆ ಅವರ ಆರೋಗ್ಯ ಕೆಡ್ತು, ಹೋದ ವರ್ಷ ಮಳೆಗಾಲದಲ್ಲಿ ತೀರ್ಕೊಂಡ್ರು. ಮಣ್ಣಿಗೆ ಹೋದೋರು ಹೆಚ್ಚಿನೋರು ಸಭೆಯೋರಲ್ಲ, ಲೈನಿನೋರು. ಮಗಳು ಕೊನೆಗೆ ದೀಕ್ಷಾಸ್ನಾನ ತಗೊಂಡ್ಲಾ ಅಂತ ಗ್ರೂಪಲ್ಲಿ ಯಾರೋ ಕೇಳಿದ್ರು, ತಗೊಂಡ್ಲು, ಮೂವತ್ತು ದಾಟಿದ ಮೇಲೆ, ಅಪ್ಪನ ಕೈಯಲ್ಲೇ. ಫೈಲುಗಳು ಈಗ ಅವಳ ಹತ್ರ ಇವೆ, ಯಾರಿಗಾದ್ರೂ ಹಳೇ ಅರ್ಜಿ ಪ್ರತಿ ಬೇಕಾದ್ರೆ ಕೇಳಿ, ಹೋದ ತಿಂಗಳು ನಮ್ಮ ಲೈನಿನ ಒಬ್ಬರಿಗೆ ಪೆನ್ಷನ್ ನಿಂತಾಗ ಅದೇ ಕೆಲಸಕ್ಕೆ ಬಂತು. ಆಂಟಿ ಹಾಸನದಲ್ಲಿ ಮಗಳ ಮನೇಲಿದ್ದಾರೆ, ಆ ಕಡೆ ಹೋದೋರು ಹೋಗಿ ಮಾತಾಡಿಸ್ಕೊಂಡ್ ಬನ್ನಿ, ಕಾಫಿಗೆ ಸಕ್ಕರೆ ಜಾಸ್ತಿ ಹಾಕ್ತಾರೆ, ಮೊದಲೇ ಹೇಳ್ಬಿಡಿ.