ಇನ್ನೊಬ್ಬರ ಹೆಸರಲ್ಲಿ ಒಂದು ಕುಣಿತ

ಫಿಲಿಪ್ಪೀನ್ಸ್‌ಗೆ ಒಂದು ತಿಂಗಳಿಗಿಂತ ಸ್ವಲ್ಪ ಹೆಚ್ಚು ಕಾಲ ಮಿಷನ್ ಕೆಲಸಕ್ಕೆ ಹೊರಟಿದ್ದೇವೆ ಅಂದಾಗ ನಮ್ಮ ಧರ್ಮಕೇಂದ್ರದಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿ ಎಲ್ಲರೂ ಕ್ರೈಸ್ತರೇ ಅಲ್ವಾ? ಅಲ್ಲಿಗ್ಯಾಕೆ ಮಿಷನ್?" ಕೇಳುವ ಪ್ರಶ್ನೆಯೇ. ಆ ದೇಶದಲ್ಲಿ 100ಕ್ಕೆ ಸುಮಾರು 80 ಜನ ಕಥೋಲಿಕರು. ನಾವು ಹೋಗಿ ಯೇಸುವಿನ ಹೆಸರು ಹೇಳಿಕೊಡಬೇಕಾದ್ದೇನೂ ಅಲ್ಲಿಲ್ಲ. ಆದರೆ ಸೆಬು ದ್ವೀಪದಲ್ಲಿ ನಾವು ಉಳಿದ ಧರ್ಮಕೇಂದ್ರಕ್ಕೆ ಸೇರಿದ ಹಳ್ಳಿಗಳು ಬಹಳ, ಫಾದರ್‌ಗಳು ಕಡಿಮೆ. ಹಳ್ಳಿಗೊಂದು ಪುಟ್ಟ ಪ್ರಾರ್ಥನಾಲಯ ಇದೆ, ಪೂಜೆ ಮಾತ್ರ ಅಪರೂಪ. ಮನೆಮನೆಗೆ ಹೋಗುವುದು, ಹಾಸಿಗೆ ಹಿಡಿದವರ ಹತ್ತಿರ ಕೂತು ಜಪಸರ ಹೇಳುವುದು, ಮಕ್ಕಳನ್ನು ಸೇರಿಸಿ ಪಾಠ, ಹಾಡು, ಊಟ. ನಮ್ಮ ಕೆಲಸ ಇಷ್ಟೇ.

ನಾವು ಹೋದದ್ದು ಡಿಸೆಂಬರ್ ನಡುವಿನಲ್ಲಿ. ಅಲ್ಲಿ ಡಿಸೆಂಬರ್ 16ರಿಂದ 24ರವರೆಗೆ ಬೆಳಗಿನ ಜಾವದ ಪೂಜೆ ನಡೆಯುತ್ತದೆ. ಮೀಸಾ ದೆ ಗಾಯೊ ಅನ್ನುತ್ತಾರೆ, ಕೋಳಿ ಕೂಗುವ ಹೊತ್ತಿನ ಪೂಜೆ. ರೈತರು ಬಿಸಿಲೇರುವ ಮುಂಚೆ ಹೊಲಕ್ಕೆ ಹೋಗಬೇಕಲ್ಲ, ಅವರಿಗಾಗಿ ಶುರುವಾದದ್ದು ಅನ್ನುತ್ತಾರೆ. ಒಂಬತ್ತು ದಿನವೂ ತಪ್ಪದೆ ಬಂದವರು ಬೇಡಿದ್ದು ಸಿಗುತ್ತದೆ ಅನ್ನೋ ನಂಬಿಕೆ ಇದೆ. ಹಾಗಾಗಿ ಪರೀಕ್ಷೆ ಬರೆದ ಹುಡುಗರು, ಮದುವೆ ಗೊತ್ತಾಗದ ಹುಡುಗಿಯರು, ವೀಸಾಗೆ ಕಾಯುವವರು ಎಲ್ಲ ಆಕಳಿಸುತ್ತಾ ಬಂದು ನಿಲ್ಲುತ್ತಾರೆ. ಪೂಜೆ ಮುಗಿದ ಕೂಡಲೇ ಅಂಗಳದಲ್ಲೇ ತಿಂಡಿ. ಬಿಬಿಂಕಾ ಅನ್ನುವ ಅಕ್ಕಿಹಿಟ್ಟಿನ ಸಿಹಿ ರೊಟ್ಟಿಯನ್ನು ಬಾಳೆಲೆ ಹಾಸಿದ ಪಾತ್ರೆಯಲ್ಲಿ ಹುಯ್ದು, ಕೆಳಗೂ ಕೆಂಡ, ಮೇಲಿನ ತಗಡಿನ ಮುಚ್ಚಳದ ಮೇಲೂ ಕೆಂಡ ಇಟ್ಟು ಬೇಯಿಸುತ್ತಾರೆ. ಎಲೆಯ ಅಂಚು ಕರಕಲಾಗಿರುತ್ತದೆ. ಅದರ ಜೊತೆ ಗಟ್ಟಿಯಾದ ಬಿಸಿ ಚಾಕೊಲೇಟ್. ನಿಜ ಹೇಳಬೇಕೆಂದರೆ ಕೆಲವು ದಿನ ನನ್ನನ್ನು ಎಬ್ಬಿಸಿದ್ದು ಭಕ್ತಿಯೋ ಬಿಬಿಂಕಾನೋ ಅಂತ ದೇವರಿಗೇ ಗೊತ್ತು.

ನಾವು ಉಳಿದಿದ್ದ ಮನೆಯ ಅಜ್ಜಿಯನ್ನು ಎಲ್ಲರೂ ಲೋಲಾ ಅನ್ನುತ್ತಿದ್ದರು, ನಾವೂ ಹಾಗೇ ಕರೆದೆವು. 2021ರಲ್ಲಿ ಓಡೆಟ್ ಚಂಡಮಾರುತ ಬಡಿದದ್ದು ಸರಿಯಾಗಿ ಡಿಸೆಂಬರ್ 16ರ ರಾತ್ರಿ. ಬೆಳಿಗ್ಗೆ ಮೊದಲ ಪೂಜೆ ಮುಗಿಸಿ ಬಂದವರ ಮನೆಯ ತಗಡು ರಾತ್ರಿ ಹಾರಿಹೋಗಿತ್ತು. "ಮರುದಿನದ ಪೂಜೆಗೆ ಹೋದಿರಾ ಲೋಲಾ?" ಅಂತ ಕೇಳಿದೆ. "ಮನೆ ಇರಲಿಲ್ಲ, ಚರ್ಚ್‌ಗೆ ಹೋಗದೆ ಇನ್ನೆಲ್ಲಿಗೆ ಹೋಗಲಿ?" ಅಂದರು. ಎಂಟು ಬೇಡಿಕೆ ಆಗಲೇ ಬಾಕಿ ಇತ್ತಂತೆ, ನಗುತ್ತಾ ಹೇಳಿದರು.

ಹಳ್ಳಿಗಳಲ್ಲಿ ಮನೆಯೊಳಗೆ ಕಾಲಿಟ್ಟರೆ ಮೊದಲು ಮಕ್ಕಳು ಓಡಿ ಬಂದು ನಮ್ಮ ಕೈ ಹಿಡಿದು ತಮ್ಮ ಹಣೆಗೆ ಒತ್ತಿಕೊಳ್ಳುತ್ತಿದ್ದರು. ಆಮೇಲೆ ದೊಡ್ಡವರು ಕುರ್ಚಿ ಎಳೆದು, "ಇವನಿಗಾಗಿ ಪ್ರಾರ್ಥನೆ ಮಾಡಿ" ಅಂತ ಗೋಡೆಯ ಮೇಲಿನ ಫೋಟೊ ತೋರಿಸುತ್ತಿದ್ದರು. ಹಡಗಿನಲ್ಲಿರುವ ಮಗ. ಹಾಂಕಾಂಗ್‌ನಲ್ಲಿ ಮನೆಗೆಲಸಕ್ಕಿರುವ ಮಗಳು. ದುಬೈಯಲ್ಲಿರುವ ಅಳಿಯ. ಯಾರೊಬ್ಬರೂ ತಮಗಾಗಿ ಕೇಳಲಿಲ್ಲ ಅಂತಲ್ಲ, ಮಂಡಿನೋವು, ಸಕ್ಕರೆ ಕಾಯಿಲೆ ಎಲ್ಲ ಬಂತು. ಆದರೆ ಮೊದಲು ದೂರ ಇರುವವರ ಹೆಸರು. ಮರೆಯದಿರಲಿ ಅಂತ ನಾನು ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಲು ಶುರುಮಾಡಿದೆ. ಬರೆಯುವುದು ನೋಡಿ ಪಕ್ಕದ ಮನೆಯವರೂ ಬಂದರು. ಪುಸ್ತಕ ತುಂಬುತ್ತಾ ಹೋಯಿತು.

ಸೆಬು ಪಟ್ಟಣದಲ್ಲಿ ಸಾಂತೊ ನಿನ್ಯೊ ಬಸಿಲಿಕಾ ಅನ್ನುವ ದೊಡ್ಡ ಚರ್ಚ್ ಇದೆ. ಸಾಂತೊ ನಿನ್ಯೊ ಅಂದರೆ ನಮ್ಮ ಬಾಲಯೇಸುವೇ. ಬೆಂಗಳೂರಿನ ವಿವೇಕನಗರದಲ್ಲಿ ಗುರುವಾರದ ನೊವೇನಾಗೆ ನಿಂತವರಿಗೆ ಆ ನೂಕುನುಗ್ಗಲು, ಆ ಮೇಣದ ವಾಸನೆ ಹೊಸದಲ್ಲ. ಮೂರ್ತಿ ಒಂದು ಅಡಿಯಷ್ಟೇ. ತಲೆಗೆ ಕಿರೀಟ, ಮೈಮೇಲೆ ರಾಜನ ಕೆಂಪು ನಿಲುವಂಗಿ, ಗಾಜಿನ ಪೆಟ್ಟಿಗೆಯೊಳಗೆ ಕಪ್ಪು ಮುಖ.

ಈ ಮೂರ್ತಿ ಬಂದ ಕಥೆ ಸುಲಭದ ಕಥೆಯಲ್ಲ. 1521ರ ಏಪ್ರಿಲ್‌ನಲ್ಲಿ ಮೆಗಲನ್ ಎಂಬ ನಾವಿಕ ಸ್ಪೇನಿನ ಹಡಗುಗಳಲ್ಲಿ ಬಂದು, ಅಲ್ಲಿಯ ರಾಜ ಹುಮಾಬೊನ್ ಮತ್ತು ಅವನ ರಾಣಿಗೆ ದೀಕ್ಷಾಸ್ನಾನ ಮಾಡಿಸಿ, ರಾಣಿಗೆ ಈ ಬಾಲಯೇಸುವನ್ನು ಕೊಟ್ಟ. ಅದೇ ತಿಂಗಳ 27ರಂದು ಎದುರಿನ ಮಕ್ತಾನ್ ದ್ವೀಪದಲ್ಲಿ ಲಾಪುಲಾಪು ಎಂಬ ನಾಯಕನ ಜನ ಮೆಗಲನ್‌ನನ್ನು ಕೊಂದರು. ಶಿಲುಬೆ ಮತ್ತು ಕತ್ತಿ ಒಂದೇ ಹಡಗಿನಲ್ಲಿ ಬಂದಿದ್ದವು, ಅದನ್ನು ಮುಚ್ಚಿಡುವುದು ನನಗಿಷ್ಟವಿಲ್ಲ. ಅಲ್ಲಿಯವರೂ ಮುಚ್ಚಿಟ್ಟಿಲ್ಲ. ಲಾಪುಲಾಪುವಿಗೆ ದೊಡ್ಡ ಪ್ರತಿಮೆ ಕಟ್ಟಿದ್ದಾರೆ, ಬಾಲಯೇಸುವಿಗೆ ತಲೆಬಾಗುತ್ತಾರೆ. ಇಬ್ಬರೂ ಅವರಿಗೆ ಬೇಕು.

ಸ್ಪೇನಿನವರು ಮತ್ತೆ ಬಂದು ನೆಲೆಯೂರಿದ್ದು 1565ರಲ್ಲಿ, ಲೆಗಾಸ್ಪಿ ಎಂಬ ದಂಡನಾಯಕನ ಜೊತೆ. ಸುಟ್ಟುಹೋದ ಮನೆಗಳ ನಡುವೆ ಒಬ್ಬ ಸೈನಿಕನಿಗೆ ಮರದ ಪೆಟ್ಟಿಗೆಯೊಂದು ಸಿಕ್ಕಿತು. ಒಳಗೆ ಅದೇ ಮೂರ್ತಿ. ನಡುವಿನ 44 ವರ್ಷ ಅಲ್ಲಿ ಒಬ್ಬ ಗುರುವೂ ಇರಲಿಲ್ಲ, ಪೂಜೆ ಇಲ್ಲ, ಉಪದೇಶಿ ಇಲ್ಲ. ಆದರೂ ಯಾರೋ ಅದನ್ನು ಜೋಪಾನ ಮಾಡಿದ್ದರು. ಮಳೆ ಬರದಿದ್ದಾಗ ಸಮುದ್ರಕ್ಕೆ ಒಯ್ದು ಮುಳುಗಿಸುತ್ತಿದ್ದರು ಅಂತಲೂ ಹೇಳುತ್ತಾರೆ. ಬರ ಬಿದ್ದರೆ ಶಿವಲಿಂಗ ಮುಳುಗುವಷ್ಟು ನೀರು ತುಂಬಿ ಮಳೆ ಬೇಡುವ ಊರುಗಳು ನಮ್ಮಲ್ಲೂ ಇವೆಯಲ್ಲ. ಮಿಷನ್‌ಗೆ ಅಂತ ಹೋದ ನಮಗೆ ಈ 44 ವರ್ಷ ಚೆನ್ನಾಗೇ ಕುಟುಕಿತು. ನಾವು ಇಲ್ಲದಿದ್ದರೂ ದೇವರ ಕೆಲಸ ನಿಂತಿರಲಿಲ್ಲ.

ಬಸಿಲಿಕಾದ ಹತ್ತಿರ ಮೇಣದಬತ್ತಿ ಮಾರುವ ಹೆಂಗಸರಿದ್ದಾರೆ. ಬಣ್ಣಬಣ್ಣದ ತೆಳ್ಳಗಿನ ಬತ್ತಿಗಳು. ಕೊಂಡರೆ ಸುಮ್ನೆ ಕೈಗೆ ಕೊಟ್ಟು ಕಳಿಸುವುದಿಲ್ಲ. "ಯಾರಿಗೆ? ಹೆಸರೇನು?" ಅಂತ ಕೇಳುತ್ತಾರೆ. ಆಮೇಲೆ ಬತ್ತಿಯ ಕಟ್ಟನ್ನು ಎತ್ತಿ ಹಿಡಿದು ಕುಣಿಯುತ್ತಾರೆ. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಕೈ ತೂಗುತ್ತಾ, ಬಾಯಲ್ಲಿ ಮಣಮಣ ಪ್ರಾರ್ಥನೆ, ನಡುನಡುವೆ ನಾವು ಕೊಟ್ಟ ಹೆಸರು. ನನ್ನ ಪಾಳಿಗೆ ಬಂದಾಕೆಗೆ ಅರವತ್ತು ದಾಟಿರಬೇಕು. ಕಾಲಿಗೆ ಹವಾಯಿ ಚಪ್ಪಲಿ. ನೋಟ್‌ಬುಕ್ ತೆಗೆದು ಹಡಗಿನ ಮಗ, ಹಾಂಕಾಂಗ್ ಮಗಳು ಅಂತ ಒಂದಷ್ಟು ಹೆಸರು ಓದಿದೆ. ಕೊನೆಗೆ ಆಪರೇಷನ್‌ಗೆ ಕಾಯುತ್ತಿದ್ದ ನಮ್ಮ ಚಿಕ್ಕಮ್ಮನ ಹೆಸರನ್ನೂ ಸೇರಿಸಿದೆ. ಜ್ಞಾನಮ್ಮ ಅನ್ನೋದು ಆಕೆಯ ನಾಲಿಗೆಗೆ ಸಿಗಲೇ ಇಲ್ಲ. "ಯಾನಾಮಾ, ಯಾನಾಮಾ" ಅಂತ ಕುಣಿದಳು. ಬಾಲಯೇಸುವಿಗೆ ಅರ್ಥವಾಗಿರುತ್ತದೆ ಬಿಡಿ.

ನಮ್ಮ ಜೊತೆಗಿದ್ದ ಸಿಸ್ಟರ್‌ಗೆ ಇದು ಒಪ್ಪಿಗೆಯಾಗಲಿಲ್ಲ. "ದುಡ್ಡು ಕೊಟ್ಟು ಪ್ರಾರ್ಥನೆ ಮಾಡಿಸೋದು ಸರಿಯೇನಮ್ಮಾ? ಆಕೆಗೆ ಇದು ಹೊಟ್ಟೆಪಾಡು" ಅಂದರು. "ನಾವು ತೀರಿಹೋದವರ ಹೆಸರಲ್ಲಿ ಪೂಜೆಗೆ ಕೊಡ್ತೀವಲ್ಲ ಸಿಸ್ಟರ್?" ಅಂದೆ. "ಅದು ಬೇರೆ" ಅಂದರು. ಜೀಪ್ನಿ ಅನ್ನುವ ಅಲ್ಲಿಯ ಉದ್ದನೆಯ ಬಾಡಿಗೆ ಜೀಪಿನಲ್ಲಿ ವಾಪಸ್ ಬರುವ ದಾರಿಯೆಲ್ಲ ಇದೇ ಚರ್ಚೆ.

ನನಗೆ ನೆನಪಾಗಿದ್ದು ಮಾರ್ಕನ ಶುಭಸಂದೇಶದ ಎರಡನೇ ಅಧ್ಯಾಯ. ಪಾರ್ಶ್ವವಾಯು ಹಿಡಿದವನನ್ನು ನಾಲ್ವರು ಹೊತ್ತು ತರುತ್ತಾರೆ. ಬಾಗಿಲಲ್ಲಿ ಜನವೋ ಜನ. ಮಾಡು ಕಿತ್ತು ಹಾಸಿಗೆ ಸಮೇತ ಇಳಿಸುತ್ತಾರೆ. ಯೇಸು ನೋಡಿದ್ದು ಅವರ ವಿಶ್ವಾಸವನ್ನು ಅಂತ ಬರೆದಿದೆ. ಮಲಗಿದವನು ಏನನ್ನಾದರೂ ಬೇಡಿದನೇ? ಅವನದೊಂದು ಮಾತೂ ಅಲ್ಲಿಲ್ಲ. ಹೊತ್ತವರಿಗೆ ಅವನು ಏನಾಗಬೇಕು ಅಂತಲೂ ಇಲ್ಲ. ಅಣ್ಣತಮ್ಮಂದಿರೋ, ನೆರೆಯವರೋ, ಕೂಲಿಗೆ ಬಂದವರೋ. ಕೂಲಿಗೆ ಬಂದವರೇ ಆಗಿದ್ದರೂ ಮಾಡು ಹತ್ತಿದ್ದು ನಿಜ, ಭಾರ ಹೊತ್ತದ್ದು ನಿಜ. ಆ ಹೆಂಗಸು ಬಿಸಿಲಲ್ಲಿ ನಿಂತು ಹೆಸರು ಗೊತ್ತಿಲ್ಲದ ಎಷ್ಟು ಜನರನ್ನು ದಿನಾ ಹೀಗೆ ಹೊರುತ್ತಾಳೋ. ಮಿಷನ್ ಅನ್ನುವ ಪದಕ್ಕೆ ನಮಗಿಂತ ಆಕೆಗೇ ಹಕ್ಕು ಜಾಸ್ತಿ.

ಜನವರಿಯ ಮೂರನೇ ಭಾನುವಾರ ಈ ಬಾಲಯೇಸುವಿನ ಸಿನುಲೊಗ್ ಹಬ್ಬ. ಬೀದಿ ತುಂಬ ಡೋಲು, ಮೆರವಣಿಗೆ, "ಪಿತ್ ಸೆನ್ಯೊರ್" ಅಂತ ಒಡೆಯನನ್ನು ಕರೆಯುವ ಕೂಗು. ಟಿವಿಯವರು ತೋರಿಸುವುದು ಅದನ್ನೇ. ನನಗೆ ಹಿಡಿಸಿದ್ದು ಹಬ್ಬ ಕಳೆದ ಮೇಲೆ ಬರುವ ಶುಕ್ರವಾರ ಬೆಳಗಿನ ಜಾವದ ಹೂಬೊ. ಅವತ್ತು ಮೂರ್ತಿಯ ಅಲಂಕಾರವನ್ನು ಒಂದೊಂದಾಗಿ ಕಳಚುತ್ತಾರೆ. ಕಿರೀಟ, ರಾಜದಂಡ, ನಿಲುವಂಗಿ, ಬೂಟು. ಪರಿಮಳದ ನೀರಿನಲ್ಲಿ ಅದ್ದಿ ತೆಗೆದು, ಸಾದಾ ಬಟ್ಟೆ ತೊಡಿಸುತ್ತಾರೆ. ಹಬ್ಬದ ರಾಜ ಮತ್ತೆ ಬಡವರ ಮನೆಯ ಕೂಸು. ಸಿಸ್ಟರ್ ಕಣ್ಣೊರೆಸಿಕೊಂಡರು. ಬತ್ತಿಯವಳ ಬಗ್ಗೆ ಮಾತ್ರ ಪಟ್ಟು ಬಿಡಲಿಲ್ಲ.

ಚಿಕ್ಕಮ್ಮನ ಆಪರೇಷನ್ ಆಯಿತು, ಓಡಾಡುತ್ತಿದ್ದಾರೆ. ಅದು ಯಾನಾಮಾ ಕುಣಿತದಿಂದಲೋ ಡಾಕ್ಟರರಿಂದಲೋ ಅಂತ ನಾನು ಲೆಕ್ಕ ಹಾಕಲು ಹೋಗಿಲ್ಲ. ನೋಟ್‌ಬುಕ್ ನನ್ನ ಬ್ಯಾಗಿನಲ್ಲೇ ಇದೆ. ಸಾಧ್ಯವಾದ ಗುರುವಾರಗಳಂದು ವಿವೇಕನಗರದಲ್ಲಿ ಸಾಲಿನಲ್ಲಿ ನಿಂತು ಒಂದೊಂದು ಪುಟ ಓದುತ್ತೇನೆ. ಆ ಹೆಸರುಗಳನ್ನು ನಾನು ಉಚ್ಚರಿಸುವ ರೀತಿ ಕೇಳಿದರೆ ಅವರಮ್ಮಂದಿರು ಬಿದ್ದು ಬಿದ್ದು ನಗುತ್ತಾರೆ. ಇನ್ನೂ ಅರ್ಧದಷ್ಟೂ ಮುಗಿದಿಲ್ಲ. ಈ ವಾರ ಆಫೀಸಿನಲ್ಲಿ ಬೇಗ ಬಿಟ್ಟರೆ ಹೋಗಬೇಕು.